ಅಟ್ಟವೂ ಕನ್ನಡಿಯೂ

ನಮ್ಮ ಬೆಳ್ಮಣ್ಣಿನ ಹಳೆಯ ಮನೆಗಳಲ್ಲಿ ಅಡುಗೆಮನೆಯ ಒಲೆಯ ಮೇಲ್ಗಡೆ ಒಂದು ಅಟ್ಟವಿರುತ್ತಿತ್ತು. ಹೊಗೆ ತಾಗಿದ ವಸ್ತುವಿಗೆ ಹುಳ ಹಿಡಿಯದೆಂಬುದು ಹಿರಿಯರ ಅನುಭವ. ಆದುದರಿಂದ ಓಲೆಗರಿಯ ಕಟ್ಟುಗಳಿಗೂ ಅಲ್ಲಿ ಒಂದು ಮೂಲೆ ದೊರೆಯುತ್ತಿತ್ತು. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಸೀಮೆಯಲ್ಲಿ ಬರೆಯುವುದಕ್ಕಿಂತ ಬರೆದಿಟ್ಟದ್ದನ್ನು ಉಳಿಸಿಕೊಳ್ಳುವುದೇ ಕಷ್ಟ. ಈಗ ಆ ಒಲೆಯೂ ಇಲ್ಲ, ಹೊಗೆಯೂ ಇಲ್ಲ. ಅಟ್ಟವು ಮನೆಯನ್ನು ಬಿಟ್ಟು ಮೇಲಕ್ಕೆ ಹೋಗಿದೆ. ಅದಕ್ಕೆ ಕ್ಲೌಡ್, ಅಂದರೆ ಮೋಡ, ಎಂದು ಹೆಸರು. ಮಳೆಗೆ ಹೆದರಿದವರು ತಮ್ಮ ಬರವಣಿಗೆಯನ್ನು ಮೋಡದಲ್ಲಿ ಇಡುವ ಕಾಲ ಬಂದಿತಲ್ಲ ಎಂದು ನನಗೆ ಆಗಾಗ ನಗು ಬರುವುದುಂಟು.

ನಾನು ಯಂತ್ರಶಾಸ್ತ್ರವನ್ನು ಬಲ್ಲವನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ನನ್ನಲ್ಲಿ ಒಂದು ಹುಚ್ಚಿತ್ತು. ಬೆಳ್ಮಣ್ ಸುತ್ತಲಿನ ಗದ್ದೆಗಳ ಹೆಸರುಗಳನ್ನು 1988ರಿಂದ ಬರೆದುಕೊಳ್ಳುತ್ತ ಬಂದಿದ್ದೆ. ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಯ ಭೂಮಿ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ. ಇವು ಎಲ್ಲರಿಗೂ ಗೊತ್ತು. ಆದರೆ ಒಂದೊಂದು ಗದ್ದೆಗೂ, ಮನೆಮಕ್ಕಳಿಗೆ ಇದ್ದಂತೆ, ತನ್ನದೇ ಒಂದು ಹೆಸರಿತ್ತು. ಗದ್ದೆ ಹಡಿಲು ಬಿದ್ದು, ಅಲ್ಲಿ ತೆಂಗೋ ಕಟ್ಟಡವೋ ಎದ್ದಮೇಲೆ ಆ ಹೆಸರನ್ನು ಕರೆಯುವವರಿಲ್ಲ. ಪುಸ್ತಕಗಳಲ್ಲಿ ಬರೆದಿಟ್ಟದ್ದನ್ನೆಲ್ಲ 2019ರ ಹೊತ್ತಿಗೆ ಕಂಪ್ಯೂಟರಿಗೆ ಹತ್ತಿಸಿದೆ. ಪುಸ್ತಕಗಳ ಗತಿಯನ್ನು ಗೆದ್ದಲು ನೋಡಿಕೊಂಡಿತು.

2022ರ ಬೇಸಗೆಯಲ್ಲಿ ನೇಮಕ್ಕೆಂದು ಊರಿಗೆ ಬಂದ ನನ್ನ ತಂಗಿಯ ಮಗ ಇದನ್ನು ಕಂಡು, "ಮಾವ, ಇದೊಂದು ಪೆನ್‌ಡ್ರೈವನ್ನು ನಂಬಿಕೊಂಡು ಕುಳಿತಿದ್ದೀರಾ? ನಿಮ್ಮ ಕಂಪ್ಯೂಟರು ನಾಳೆ ಸಿಡಿಲಿಗೆ ಹೋದರೆ ಏನು ಮಾಡುತ್ತೀರಿ?" ಎಂದ. ಅರ್ಧ ಗಂಟೆಯೊಳಗೆ ನನ್ನ ಹೆಸರಿನಲ್ಲೊಂದು ಖಾತೆಯನ್ನು ತೆರೆದು, ಒಂದು ತಂತ್ರಾಂಶವನ್ನು ಇಳಿಸಿ, ನನ್ನ ಕಡತಗಳಿದ್ದ ಫೋಲ್ಡರನ್ನು ಅದಕ್ಕೆ ತೋರಿಸಿಕೊಟ್ಟ. ಆಗಬೇಕಾದ ಕೆಲಸ ನಿಜಕ್ಕೂ ಇಷ್ಟೇ. ಖಾತೆಗೆ ಗಟ್ಟಿಯಾದ ಒಂದು ಗುಪ್ತಪದ; ಅದರ ಮೇಲೆ, ಮೊಬೈಲಿಗೆ ಬರುವ ಸಂಖ್ಯೆಯ ಎರಡನೆಯ ಅಗುಳಿ. ಗೂಗಲ್ ಡ್ರೈವ್ 15 ಗಿಗಾಬೈಟ್ ಜಾಗವನ್ನು ಬಿಟ್ಟಿಯಾಗಿ ಕೊಡುತ್ತದೆ. ಮೈಕ್ರೋಸಾಫ್ಟಿನ ಒನ್‌ಡ್ರೈವ್ 5, ಡ್ರಾಪ್‌ಬಾಕ್ಸ್ 2. ಬರಿಯ ಅಕ್ಷರಗಳನ್ನಷ್ಟೇ ಇಡುವವನಿಗೆ ಇದರಲ್ಲಿ ಅತಿ ಚಿಕ್ಕದೂ ಒಂದು ಜನ್ಮಕ್ಕೆ ಸಾಕು. ಜಾಗವನ್ನು ತಿನ್ನುವುದು ಚಿತ್ರಗಳು.

ಆ ಫೋಲ್ಡರಿನೊಳಗೆ ಏನಾದರೂ ಬದಲಾಯಿತೇ ಎಂದು ತಂತ್ರಾಂಶವು ಸದಾ ಕಾಯುತ್ತಿರುತ್ತದೆ. ನಾನೊಂದು ಸಾಲು ಬರೆದು ಉಳಿಸಿದೆನೋ, ಅದು ದೂರದ ಯಂತ್ರಕ್ಕೆ ಹೋಗುತ್ತದೆ. ಅಲ್ಲಿಂದ ಅದೇ ಖಾತೆಗೆ ಸೇರಿದ ಮತ್ತೊಂದು ಕಂಪ್ಯೂಟರಿಗೆ ಇಳಿಯುತ್ತದೆ. ಇದಕ್ಕೆ ಸಿಂಕ್ ಎನ್ನುತ್ತಾರೆ. ಕೆಲಸ ಮುಗಿದಾಗ ಕಡತದ ಪಕ್ಕದಲ್ಲಿ ಒಂದು ಪುಟ್ಟ ಗುರುತು ಮೂಡುತ್ತದೆ. ನಡುವೆ ವಿದ್ಯುತ್ತು ಹೋದರೂ ಬಾಧಕವಿಲ್ಲ, ಬಂದಮೇಲೆ ಮುಂದುವರಿಯುತ್ತದೆ. ಮಳೆಗಾಲದ ನಮ್ಮ ಊರಿಗೆ ಇದು ಸಣ್ಣ ಸೌಕರ್ಯವಲ್ಲ. ಇನ್ನು, ಮೋಡವೆಂದರೆ ಆಕಾಶವಲ್ಲ. ಎಲ್ಲಿಯೋ ಒಂದು ಕಟ್ಟಡ, ಅದರ ತುಂಬ ಹಗಲಿರುಳು ತಂಪುಗೊಳಿಸಬೇಕಾದ ಯಂತ್ರಗಳು. ಅಂತಹ ಕಟ್ಟಡಗಳು ಮುಂಬಯಿಯಲ್ಲಿಯೂ ಇವೆ. ನಮ್ಮ ಸೀಮೆಯ ಮನೆಮನೆಗಳಿಂದ ಜನ ಮುಂಬಯಿಗೆ ಹೋಗಿದ್ದರು. ಇನ್ನು ಕಡತಗಳ ಸರದಿ.

ನನಗೆ ಅತ್ಯಂತ ಹಿತವೆನಿಸಿದ್ದು ಇನ್ನೊಂದು ಸಂಗತಿ. ಸಂಪರ್ಕವಿಲ್ಲದ ವೇಳೆಯಲ್ಲಿ ಇಬ್ಬರು ಎರಡು ಕಡೆ ಕುಳಿತು ಒಂದೇ ಕಡತವನ್ನು ತಿದ್ದಿದರೆ, ಡ್ರಾಪ್‌ಬಾಕ್ಸಿನಂತಹ ಸೇವೆಗಳು ಯಾವುದನ್ನೂ ಕಳೆಯದೆ ಎರಡನ್ನೂ ಬೇರೆಬೇರೆ ಹೆಸರಿನಲ್ಲಿ ಉಳಿಸುತ್ತವೆ. ನಮ್ಮ ಗ್ರಂಥಸಂಪಾದಕರು ಇದಕ್ಕೆ ಪಾಠಾಂತರ ಎಂದು ಹೆಸರಿಟ್ಟು ಎಷ್ಟೋ ಕಾಲವಾಯಿತು!

ಆ ವರ್ಷದ ಆಷಾಢದಲ್ಲಿ, ನೇಜಿ ನೆಟ್ಟು ಬೆನ್ನು ಬಾಗಿದ್ದ ಅಜ್ಜಿಯೊಬ್ಬರ ಬಳಿ ನಾಲ್ಕು ಸಂಜೆ ಕುಳಿತೆ. ಓಬೇಲೆ ಹಾಡಿಕೊಂಡು ಗದ್ದೆಗೆ ಇಳಿದಿದ್ದವರು ಅವರು. ಒಂದು ಬೈಲಿನ ಉದ್ದಕ್ಕೂ, ಕಣ್ಣು ಮುಚ್ಚಿಕೊಂಡು, ತಾವು ನೆಟ್ಟ ವರಸೆಯಲ್ಲಿಯೇ 43 ಗದ್ದೆಗಳ ಹೆಸರುಗಳನ್ನು ಹೇಳಿದರು. ನಡುವೆ ತಪ್ಪಿದರೆ ಮತ್ತೆ ಮೊದಲಿನ ಗದ್ದೆಯಿಂದ ಶುರುಮಾಡುತ್ತಿದ್ದರು; ಕಾಲು ನಡೆದ ದಾರಿಯಲ್ಲಿಯೇ ನೆನಪೂ ನಡೆಯಬೇಕಾಗಿತ್ತು. ಚೀಟಿಗಳಲ್ಲಿ ಬರೆದುಕೊಂಡು ಬಂದು ಕಂಪ್ಯೂಟರಿನಲ್ಲಿ ಹೊಸದೊಂದು ಕಡತ ಮಾಡಿದೆ. ಚೀಟಿಗಳು ಬಚ್ಚಲೊಲೆಗೆ ಹೋದವು. ಸೋಣ ತಿಂಗಳಿನಲ್ಲಿ ಆ ಅಜ್ಜಿ ತೀರಿಕೊಂಡರು.

ಅದೇ ದಿನಗಳಲ್ಲಿ ನನ್ನ ಕಂಪ್ಯೂಟರು ಜಾಗ ಸಾಲದೆಂದು ತಕರಾರು ಹೂಡಿತು. ಹೇಗೂ ಎಲ್ಲವೂ ಮೋಡದಲ್ಲಿ ಇದೆಯಲ್ಲ ಎಂದು, ಅಟ್ಟಕ್ಕೆ ಹಾಕಿದಮೇಲೆ ಕೆಳಗಿನ ಕೋಣೆಯನ್ನು ಗುಡಿಸುವವನ ನೆಮ್ಮದಿಯಿಂದ, ಆ ಫೋಲ್ಡರನ್ನು ಅಳಿಸಿಬಿಟ್ಟೆ. ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು. ಓದಲಿಲ್ಲ. ಸುಮಾರು 50 ದಿನಗಳ ತರುವಾಯ ಹೆಸರೊಂದು ಬೇಕಾಗಿ ಖಾತೆಯನ್ನು ತೆರೆದು ನೋಡುತ್ತೇನೆ, ಮೋಡ ಶುಭ್ರವಾಗಿತ್ತು.

ಅಳಿಯನಿಗೆ ಫೋನು ಮಾಡಿದೆ. ಅವನು ಕೂಡಲೇ ಕೇಳಿದ್ದು, "ಅಳಿಸಿ ಎಷ್ಟು ದಿನವಾಯಿತು, ಮಾವ?" ನಾನು ಹೇಳಿದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಅಳಿಸಿದ ಕಡತಗಳು ಕಸದ ಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತವೆ, ಆಮೇಲೆ ಇಲ್ಲ. "ಸಿಂಕ್ ಎಂದರೆ ಕನ್ನಡಿ, ಮಾವ. ನೀವು ಮುಖ ತೊಳೆದರೆ ಅದೂ ತೊಳೆಯುತ್ತದೆ" ಎಂದ. ಅದನ್ನು ಮೊದಲೇ ಹೇಳಬಾರದಿತ್ತೇ ಎಂದು ನನಗೆ ಸಿಟ್ಟು ಬಂದದ್ದು ನಿಜ. ಆದರೆ ಹೇಳುವ ಕೆಲಸವನ್ನು ಆ ಎಚ್ಚರಿಕೆಯೇ ಮಾಡಿತ್ತು. ಜಾಗ ಬೇಕಿದ್ದರೆ ಕಡತವನ್ನು ಮೋಡದಲ್ಲಿ ಮಾತ್ರ ಉಳಿಸಿ, ಕಂಪ್ಯೂಟರಿನಲ್ಲಿ ಬರಿಯ ಹೆಸರನ್ನು ಬಿಟ್ಟುಕೊಳ್ಳುವ ಆಯ್ಕೆ ಪ್ರತ್ಯೇಕವಾಗಿ ಇತ್ತು. ನಾನು ಆರಿಸಿದ್ದು ಅದನ್ನಲ್ಲ. ಹಳೆಯ ಪೆನ್‌ಡ್ರೈವಿನಲ್ಲಿ ಮಾರ್ಚಿಯವರೆಗಿನ ಕಡತಗಳು ದೊರೆತವು. ಆ 43 ಹೆಸರುಗಳು ದೊರೆಯಲಿಲ್ಲ.

ಆಗ ನನಗೆ ಹಳೆಯ ಲಿಪಿಕಾರರ ನೆನಪಾಯಿತು. ಬೆಳ್ಮಣ್ಣಿನ ನೆರೆಯ ನಂದಳಿಕೆ ಮುದ್ದಣನ ಊರು. 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ನಂದಳಿಕೆ ಲಕ್ಷ್ಮೀನಾರಣಪ್ಪ ತಾನು ಬರೆದದ್ದನ್ನು ತನ್ನದೆನ್ನದೆ, ಹಳೆಯ ಕವಿಯ ಕೃತಿಯೆಂಬ ಸೋಗಿನಲ್ಲಿ ಮೈಸೂರಿನ ವಿದ್ವಾಂಸರಿಗೆ ಕಳುಹಿಸಿದ ಕಥೆ ಸಾಹಿತ್ಯಪ್ರಿಯರಿಗೆ ಹೊಸದಲ್ಲ. ಆ ಸೋಗು ನಡೆದದ್ದಾದರೂ ಏಕೆ? ಎಲ್ಲಿಯೋ ಒಂದು ಮನೆಯ ಅಟ್ಟದಲ್ಲಿ, ಎಂದೋ ಯಾರೋ ಮಾಡಿಟ್ಟ ಪ್ರತಿಯೊಂದು ಇದ್ದಕ್ಕಿದ್ದಂತೆ ಸಿಗುವುದು ಆ ಕಾಲಕ್ಕೆ ನಂಬತಕ್ಕ ಮಾತಾಗಿತ್ತು. ಓಲೆಯಿಂದ ಓಲೆಗೆ ನಕಲು ಮಾಡಿದವನು ಅಕ್ಷರ ತಪ್ಪಿಸಿರಬಹುದು, ಸಾಲು ನುಂಗಿರಬಹುದು; ಆದರೆ ಅವನ ಪ್ರತಿ ಒಮ್ಮೆ ಮನೆ ಬಿಟ್ಟು ಹೋದಮೇಲೆ ಮೂಲದ ಹಂಗು ಅದಕ್ಕಿರಲಿಲ್ಲ. ಮೂಲಕ್ಕೆ ಬೆಂಕಿ ಬಿದ್ದ ದಿನ ದೂರದ ಪ್ರತಿಯೂ ತಾನಾಗಿ ಉರಿದುಹೋದುದನ್ನು ಯಾರೂ ಕೇಳಿಲ್ಲ. ಸಿಂಕ್ ಮಾಡಿಕೊಟ್ಟಿದ್ದು ಅಂತಹ ಪ್ರತಿಯನ್ನಲ್ಲ. ಎಲ್ಲೆಡೆಯೂ ಒಂದೇ ರೂಪವಿರಲಿ ಎಂಬುದು ಅದರ ವ್ರತ. ಅಳಿಸುವುದೂ ಆ ವ್ರತದ ಒಂದು ಭಾಗ.

ಹಾಗೆಂದು ನಾನು ಮೋಡವನ್ನು ಬಿಟ್ಟಿಲ್ಲ. ದಿನದ ಕೆಲಸಕ್ಕೆ ಅದರಷ್ಟು ಒದಗುವ ಅಟ್ಟ ಬೇರೆ ಇಲ್ಲ. ಆದರೆ ಪ್ರತಿ ಸಂಕ್ರಮಣದಂದು ಇಡೀ ಫೋಲ್ಡರಿನ ಪ್ರತಿಯನ್ನು, ಮೇಲೆ ತಿಂಗಳಿನ ಹೆಸರು ಹಾಕಿ, ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿ, ತಂತಿ ಕಿತ್ತು, ಕಾರ್ಕಳದಲ್ಲಿರುವ ತಂಗಿಯ ಮನೆಯ ಕಪಾಟಿಗೆ ಕಳುಹಿಸುತ್ತೇನೆ. ತಂತಿ ಕೀಳುವುದೇ ಮುಖ್ಯ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲೊಂದು ಮನೆಯಿಂದ ಹೊರಗೆ ಎಂಬ ಸೂತ್ರ ಈ ಶಾಸ್ತ್ರದವರಲ್ಲಿ ಪ್ರಚಾರದಲ್ಲಿದೆ. ನನ್ನ ಲೆಕ್ಕ ಅದಕ್ಕೆ ಸರಿಹೋಗುತ್ತದೆ. ಅಕ್ಷರಗಳನ್ನೂ ಯೂನಿಕೋಡಿಗೆ ಬದಲಾಯಿಸಿದ್ದೇನೆ. ಹಿಂದಿನ ಫಾಂಟಿನಲ್ಲಿ ಇದ್ದುದು ಮೊಬೈಲಿನಲ್ಲಿ ತೆರೆದರೆ ಭೂತದ ಭಾಷೆಯಂತೆ ಕಾಣುತ್ತಿತ್ತು. ಓದಲಾಗದ ಪ್ರತಿ ಎಷ್ಟಿದ್ದರೇನು?

ಎರಡು ವರ್ಷ ಯಾರೂ ತೆರೆಯದ ಗೂಗಲ್ ಖಾತೆಯನ್ನು ಅಳಿಸಬಹುದೆಂಬ ನಿಯಮ 2023ರಿಂದ ಬಂದಿದೆ. ನನ್ನ ವಯಸ್ಸಿನವರು ಇದನ್ನು ಯೋಚಿಸಲೇಬೇಕು. ಒಡೆಯನ ಸದ್ದಿಲ್ಲದೆ ಹೋದರೆ ಕಡತಗಳು ಯಾರಿಗೆ ಸೇರಬೇಕೆಂದು ಅದರಲ್ಲಿ ಮೊದಲೇ ನಮೂದಿಸುವ ಏರ್ಪಾಡೂ ಉಂಟು. ಅಳಿಯಸಂತಾನದ ಸೀಮೆಯವನಾದ ನಾನು ಹಿಂದುಮುಂದು ನೋಡದೆ ಅಳಿಯನ ಹೆಸರನ್ನೇ ಕೊಟ್ಟಿದ್ದೇನೆ.

ಆ ಬೈಲಿಗೆ ಮತ್ತೆ ಹೋಗುತ್ತಿದ್ದೇನೆ. ಅಜ್ಜಿಯ ಜೊತೆ ನೇಜಿಗೆ ಇಳಿಯುತ್ತಿದ್ದ ಇನ್ನೊಬ್ಬರಿದ್ದಾರೆ. ಅವರಿಗೆ ಕಿವಿ ಮಂದ, ನೆನಪು ಮೊದಲಿನಂತಿಲ್ಲ. ಇದುವರೆಗೆ 11 ಹೆಸರುಗಳು ಬಂದಿವೆ: ಮನೆಯೆದುರಿನ ಬಾಕಿಮಾರು, ಅದರಾಚೆಗಿನ ಮೂಡುಮಜಲು, ನಾಗಬನದ ಬದಿಯದು, ಹೀಗೆ. ಹನ್ನೆರಡನೆಯದರ ಬಳಿ ಅವರು ತಡೆದು ನಿಲ್ಲುತ್ತಾರೆ. ಮತ್ತೆ ಬಾಕಿಮಾರಿನಿಂದ ಶುರುಮಾಡುತ್ತಾರೆ. ಈ ಸಲ ಚೀಟಿಗಳನ್ನು ಒಲೆಗೆ ಹಾಕಿಲ್ಲ.