ಗುರಿಗೆ ಕಾಲಿನ ಹಂಗೇಕೆ?



ಸಜ್ಜೆ, ಜೋಳದ ತೆನೆಗೆ ಹಾಲು ತುಂಬುವ ಕಾಲ ನಿಮಗೆ ನೆನಪಿರಬೇಕು. ಹೊಲದ ನಡುವೆ ನಾಲ್ಕು ಗೂಟ ನೆಟ್ಟು ಅಟ್ಟಣೆ ಕಟ್ಟುತ್ತಿದ್ದೆವು. ಅದರ ಮೇಲೆ ನಿಂತು ಹಕ್ಕಿ ಕಾಯುವವನ ಕೈಯಲ್ಲಿ ಕವಣೆ ಇರುತ್ತಿತ್ತು. ನಮ್ಮ ತೆಲುಗಿನ ನೆಂಟರು ಅಟ್ಟಣೆಗೆ ಮಂಚೆ ಎನ್ನುತ್ತಾರೆ, ಕವಣೆಗೆ ವಡಿಸೆಲ ಎನ್ನುತ್ತಾರೆ. ಹೆಸರು ಯಾವುದಾದರೇನು, ಕಲ್ಲು ಹೋಗಿ ಬೀಳುವುದು ಒಂದೇ ಕಡೆ.

ನಮ್ಮ ಓಣಿಯಲ್ಲಿ ಕವಣೆಗೆ ಹೆಸರಾದ ಒಬ್ಬ ಹುಡುಗನಿದ್ದ. ಮೂರನೇ ವರ್ಷಕ್ಕೆ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಅವನ ಅಪ್ಪ ಅವನನ್ನು ಹೆಗಲ ಮೇಲೆ ಹೊತ್ತು ಅಟ್ಟಣೆಗೆ ಏರಿಸಿ ಬರುತ್ತಿದ್ದ. ಬೇರೆಯವರೆಲ್ಲ ನಿಂತು ಬೀಸಿದರೆ ಅವನು ಕೂತು ಬೀಸುತ್ತಿದ್ದ. ಗಿಳಿಗಳ ಹಿಂಡು ಏಳಬೇಕು, ಆದರೆ ತೆನೆ ಮುರಿಯಬಾರದು. ಅಂಥ ಲೆಕ್ಕದಲ್ಲಿ ಕಲ್ಲು ಬಿಡುವುದು ಅವನೊಬ್ಬನಿಗೇ ಗೊತ್ತು ಎಂದು ಹಿರಿಯರು ಹೇಳುತ್ತಿದ್ದರು.

ಒಂದು ವರ್ಷ ಹತ್ತಿರದ ಊರೊಂದರಲ್ಲಿ ಕ್ರೀಡಾಕೂಟ ನಡೆಯಿತು. ಓಟ, ಕಬಡ್ಡಿ, ಹಗ್ಗಜಗ್ಗಾಟದ ಜೊತೆಗೆ ಗುರಿ ಎಸೆತವೂ ಇತ್ತು. ಕಟ್ಟೆಯ ಮೇಲೆ ನಿಂತು ದೂರದ ಮಡಕೆಗೆ ಚೆಂಡು ಎಸೆಯಬೇಕು. ಹುಡುಗ ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಬಂದ. ಕಟ್ಟೆಗೆ ಮೂರು ಮೆಟ್ಟಿಲು. ಅಣ್ಣ ಅವನನ್ನು ಎತ್ತಿ ಮೇಲೆ ಕೂರಿಸಿದ. ಆಗ ವ್ಯವಸ್ಥಾಪಕರಲ್ಲಿ ಒಬ್ಬರು, ‘ನಿಂತು ಎಸೆಯಬೇಕು, ಅದು ನಿಯಮ’ ಎಂದರು. ‘ಕೂತೇ ಎಸೀತೀನಿ ಸಾ, ಬೇಕಾದ್ರೆ ಇನ್ನೊಂದು ಮಾರು ಹಿಂದಕ್ಕೆ ಕೂತ್ಕೋತೀನಿ’ ಎಂದ ಹುಡುಗ. ಆಗಲಿಲ್ಲ. ಅಣ್ಣ ಅವನನ್ನು ಮತ್ತೆ ಎತ್ತಿಕೊಂಡು ಕೆಳಗಿಳಿದ.

ಕೇಳುಗರೇ, ಆ ದಿನ ತೀರ್ಪುಗಾರರ ಸಾಲಿನಲ್ಲಿ ನಾನೂ ಕೂತಿದ್ದೆ. ಮೇಷ್ಟ್ರು ಎಂದು ಕುರ್ಚಿ ಹಾಕಿ ಕೂರಿಸಿದ್ದರು. ಕುರ್ಚಿಯಲ್ಲಿ ಕೂತ ನಾನು, ಕೂತು ಎಸೆಯಲು ಬಂದವನ ಪರವಾಗಿ ಬಾಯಿ ಬಿಡಲಿಲ್ಲ. ಅಲ್ಲಿ ಆಡದ ಮಾತನ್ನು ಇವತ್ತು ನಿಮ್ಮ ಮುಂದೆ ಆಡಬೇಕೆಂದು ಬಂದಿದ್ದೇನೆ.

ಗುರಿಯ ಆಟಗಳಲ್ಲಿ ಶ್ರೀಮಂತವಾದದ್ದು ಒಂದಿದೆ. ಅದನ್ನು ಟ್ರ್ಯಾಪ್ ಶೂಟಿಂಗ್ ಎನ್ನುತ್ತಾರೆ, ಮಣ್ಣಿನ ಪಾರಿವಾಳಕ್ಕೆ ಗುಂಡು ಹೊಡೆಯುವ ಆಟ. ಹಿಂದೆ ಪರದೇಶಗಳಲ್ಲಿ ಜೀವಂತ ಪಾರಿವಾಳಗಳನ್ನೇ ಹಾರಿಬಿಟ್ಟು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಕೂಟದಲ್ಲೂ ಹಾಗೇ ನಡೆಯಿತು. ಈಗ ಹಾರುವುದು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು ಸೇರಿಸಿ ಮಾಡಿದ ತಟ್ಟೆ. ಅಗಲ 110 ಮಿಲಿಮೀಟರ್, ಅಂದರೆ ನಮ್ಮ ಅಂಗೈಯಷ್ಟು. ತೂಕ ಸುಮಾರು 105 ಗ್ರಾಂ. ಹಳ್ಳದೊಳಗೆ ಬಚ್ಚಿಟ್ಟ ಯಂತ್ರಗಳು ಅದನ್ನು ಚಿಮ್ಮಿಸುತ್ತವೆ. ಆ ಹಳ್ಳದಿಂದ 15 ಮೀಟರ್ ಹಿಂದೆ ಐದು ಸ್ಥಾನಗಳ ಸಾಲು. ಸ್ಪರ್ಧಿ ಕೂಗು ಹಾಕಿದ ಕೂಡಲೇ ಮೈಕು ಅದನ್ನು ಹಿಡಿದು ಯಂತ್ರವನ್ನು ಬಿಡಿಸುತ್ತದೆ. ತಟ್ಟೆ ಎಡಕ್ಕೆ ಹೋದೀತೋ ಬಲಕ್ಕೆ ಹೋದೀತೋ ತಿಳಿಯದು. ಒಂದು ಸುತ್ತಿಗೆ 25 ತಟ್ಟೆ. ಒಂದೊಂದು ತಟ್ಟೆಗೂ ಹೊಡೆದಾದ ಮೇಲೆ ಪಕ್ಕದ ಸ್ಥಾನಕ್ಕೆ ಸರಿಯಬೇಕು.

ನಮ್ಮ ದೇಶಕ್ಕೆ ಈ ಆಟ ಹೊಸದಲ್ಲ. ಬಿಕಾನೇರಿನ ಮಹಾರಾಜ ಕರಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಇಂಥದೇ ಆಟದ ಇನ್ನೊಂದು ಬಗೆಯಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ 2004ರ ಅಥೆನ್ಸ್ ಒಲಿಂಪಿಕ್ಸ್‌ನ ಬೆಳ್ಳಿ ತಂದರು. ಇನ್ನು ನಮ್ಮ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬ ಬಂತೆಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇದ್ದದ್ದೇ.

ಈ ಆಟವನ್ನು ಕಾಲಿಲ್ಲದವರು ಆಡಬಹುದೇ? ಆಡುತ್ತಿದ್ದಾರೆ. ಅದಕ್ಕೆ ಪ್ಯಾರಾ ಟ್ರ್ಯಾಪ್ ಎಂದು ಹೆಸರು. 2018ರಲ್ಲಿ ಇಟಲಿಯ ಲೊನಾಟೊ ಎಂಬಲ್ಲಿ ಅದರದೇ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಸ್ಪರ್ಧಿಗಳಲ್ಲಿ ಮೂರು ಗುಂಪು. ಗಾಲಿಕುರ್ಚಿಯಲ್ಲಿ ಕೂತು ಹೊಡೆಯುವವರು ಒಂದು, ಕಾಲಿನ ತೊಂದರೆ ಇದ್ದೂ ನಿಂತು ಹೊಡೆಯುವವರು ಒಂದು, ಕೈಯ ತೊಂದರೆ ಇರುವವರು ಒಂದು. ಆದರೆ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ವರೆಗೂ ಈ ಆಟಕ್ಕೆ ಆ ದೊಡ್ಡ ಕೂಟದಲ್ಲಿ ಜಾಗ ಸಿಕ್ಕಿರಲಿಲ್ಲ. ಶೂಟಿಂಗ್‌ಗೆ 1976ರಿಂದಲೂ ಅಲ್ಲಿ ಜಾಗವಿದೆ, ಆದರೆ ರೈಫಲ್, ಪಿಸ್ತೂಲಿಗೆ ಮಾತ್ರ.

ಈಗ ಆ ಮೈದಾನವನ್ನು ಮನಸ್ಸಿನಲ್ಲೇ ಒಮ್ಮೆ ನೋಡಿ. ಗಾಲಿಕುರ್ಚಿಯಲ್ಲಿ ಬಂದವನಿಗೆ ಏನೇನು ಬೇಕಾದೀತು? ವಾಹನ ನಿಲ್ಲುವ ಜಾಗದಿಂದ ಹೊಡೆಯುವ ಸ್ಥಾನದವರೆಗೆ ಗಟ್ಟಿ ದಾರಿ ಬೇಕು. ಜಲ್ಲಿಯಲ್ಲಿ, ಮಳೆ ಬಿದ್ದ ಹುಲ್ಲಿನಲ್ಲಿ ಗಾಲಿ ಹೂತುಹೋಗುತ್ತದೆ. ಐದು ಸ್ಥಾನಗಳ ನಡುವೆ ಮೆಟ್ಟಿಲಾಗಲಿ ಅಂಚುಗಲ್ಲಾಗಲಿ ಇರಬಾರದು. ಇದ್ದರೆ ಒಂದೊಂದು ತಟ್ಟೆಗೂ ಯಾರಾದರೂ ಕುರ್ಚಿ ಎತ್ತಿಡಬೇಕು, ಹೊಡೆಯುವವನ ಏಕಾಗ್ರತೆ ಅಲ್ಲೇ ಮುಗಿಯಿತು. ಸ್ಥಾನದ ನೆಲ ಸಮತಟ್ಟಾಗಿರಬೇಕು, ಕುರ್ಚಿ ತಿರುಗುವಷ್ಟು ಅಗಲವಿರಬೇಕು. ಗುಂಡು ಹಾರಿದಾಗ ಬಂದೂಕು ಭುಜವನ್ನು ಹಿಂದಕ್ಕೆ ಒದೆಯುತ್ತದಲ್ಲ, ಕುರ್ಚಿ ಸರಿಯದಂತೆ ಗಾಲಿಗೆ ಭದ್ರವಾದ ಬ್ರೇಕ್ ಬೇಕು. ಬಂದೂಕು ಎಡಕ್ಕೂ ಬಲಕ್ಕೂ ಸಲೀಸಾಗಿ ತಿರುಗಲು ಕುರ್ಚಿಯ ಕೈಹಿಡಿ ಅಡ್ಡ ಬರಬಾರದು. ಇನ್ನು ಮಾತಿನ ತೊಂದರೆ ಇರುವವರ ಕೂಗನ್ನು ಮೈಕು ಹಿಡಿಯದಿದ್ದರೆ ಒಂದು ಗುಂಡಿ ಒತ್ತಿ ತಟ್ಟೆ ಬಿಡುವ ಏರ್ಪಾಡು ಬೇಕು. ಕಿವಿ ಕೇಳದವರಿಗೆ ಸೀಟಿಯ ಬದಲು ದೀಪದ ಸನ್ನೆ ಬೇಕು.

‘ಕೈಯಲ್ಲಿ ಬಂದೂಕು, ಕೂತಿರುವುದು ಕುರ್ಚಿಯಲ್ಲಿ, ಅಪಾಯವಲ್ಲವೇ’ ಎಂದು ಕೇಳುವವರುಂಟು. ಬಂದೂಕಿನ ಶಿಸ್ತು ಎಲ್ಲರಿಗೂ ಒಂದೇ. ತನ್ನ ಸರದಿ ಬರುವ ತನಕ ಬಂದೂಕನ್ನು ಮಡಿಸಿ, ತೋಟಾ ತೆಗೆದು, ಖಾಲಿ ಎಂದು ಎಲ್ಲರಿಗೂ ಕಾಣುವಂತೆ ಇಟ್ಟುಕೊಳ್ಳಬೇಕು. ನಿಂತವನಿಗೂ ಅದೇ, ಕೂತವನಿಗೂ ಅದೇ. ಆ ಶಿಸ್ತು ಕಲಿಯುವುದು ತಲೆ, ಕಾಲಲ್ಲ.

ಹಂಗೇರಿ ದೇಶದ ಕಾರೋಲಿ ತಕಾಚ್ ಎಂಬ ಸೈನಿಕನ ವಿಷಯ ಹೇಳುತ್ತೇನೆ. 1938ರಲ್ಲಿ ಕೈಬಾಂಬ್ ಸಿಡಿದು ಅವನ ಬಲಗೈ ಹೋಯಿತು. ಪಿಸ್ತೂಲು ಹಿಡಿಯುತ್ತಿದ್ದದ್ದು ಅದೇ ಕೈ. ಅವನು ಸುಮ್ಮನೆ ಎಡಗೈಯಲ್ಲಿ ಕಲಿಯತೊಡಗಿದ. 1948ರಲ್ಲಿ ಲಂಡನ್ನಿನಲ್ಲಿ, 1952ರಲ್ಲಿ ಹೆಲ್ಸಿಂಕಿಯಲ್ಲಿ, ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದ. ಎರಡೂ ಕೈ ಇದ್ದವರ ಜೊತೆಯಲ್ಲೇ ಸ್ಪರ್ಧಿಸಿ ಗೆದ್ದ ಚಿನ್ನ ಅದು.

ನಮ್ಮ ದೇಶದ್ದೇ ಬೇಕೆಂದರೆ ಜೈಪುರದ ಅವನಿ ಲೇಖರಾ ಇದ್ದಾರೆ. 2012ರಲ್ಲಿ, ಚಿಕ್ಕ ವಯಸ್ಸಿನಲ್ಲಿ, ಕಾರು ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. 2021ರ ಆಗಸ್ಟ್ 30ರಂದು ಟೋಕಿಯೋದಲ್ಲಿ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ತಂದ ಭಾರತದ ಮೊದಲ ಮಹಿಳೆ ಅವರು. ಮೂರು ವರ್ಷದ ಮೇಲೆ ಪ್ಯಾರಿಸ್ಸಿನಲ್ಲಿ ಮತ್ತೆ ಅದೇ ಚಿನ್ನ. ಇವೆರಡರ ನಡುವೆ, 2022ರಲ್ಲಿ, ಫ್ರಾನ್ಸಿನ ವಿಶ್ವಕಪ್ಪಿಗೆ ಹೊರಟಾಗ ಜೊತೆಗೆ ಹೋಗಬೇಕಾಗಿದ್ದ ತಾಯಿಗೂ ತರಬೇತುದಾರರಿಗೂ ವೀಸಾ ಸಿಗಲಿಲ್ಲ. ನೆರವಿಗೆ ಜನವಿಲ್ಲದೆ ಹೋಗುವುದು ಹೇಗೆ? ಅವನಿ ಅದನ್ನು ಬಹಿರಂಗವಾಗಿ ಹೇಳಿಕೊಂಡರು. ಕೊನೆಗೆ ವೀಸಾ ಬಂತು. ಅವರು ಅಲ್ಲಿಗೆ ಹೋಗಿ 250.6 ಅಂಕದ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. ಒಂದು ಕಾಗದ ಬಾರದೇ ಇದ್ದಿದ್ದರೆ ಆ ದಾಖಲೆ ಅಂದು ಆಗುತ್ತಿರಲಿಲ್ಲ. ಅನುಕೂಲ ಎಂದರೆ ಬರೀ ಇಳಿಜಾರು ದಾರಿಯಲ್ಲ, ಜೊತೆಗೊಬ್ಬರು ಬರಲು ಅನುಮತಿಯೂ ಅನುಕೂಲವೇ.

ಹೈದರಾಬಾದಿನ ಧನುಷ್ ಶ್ರೀಕಾಂತ್‌ಗೆ ಹುಟ್ಟಿನಿಂದ ಕಿವಿ ಕೇಳಿಸದು. 2021ರಲ್ಲಿ ಪೆರು ದೇಶದ ಲಿಮಾದಲ್ಲಿ, ಕಿವಿ ಕೇಳುವ ಹುಡುಗರ ಜೊತೆ ಸೇರಿ, ಜೂನಿಯರ್ ವಿಶ್ವ ಸ್ಪರ್ಧೆಯ ತಂಡದ ಚಿನ್ನ ಗೆದ್ದರು. ಮರುವರ್ಷ ಬ್ರೆಜಿಲ್‌ನಲ್ಲಿ ಕಿವುಡರ ಒಲಿಂಪಿಕ್ಸ್‌ನ ಚಿನ್ನವನ್ನೂ ಗೆದ್ದರು. ಇತ್ತ ಕನ್ನಡ ನಾಡಿನ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರಲ್ಲಿ ಲಂಡನ್ನಿನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಬೆಂಗಳೂರಿನ ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲೇ ಕೂತು ಅರ್ಜುನ ಪ್ರಶಸ್ತಿ ಪಡೆದರು, 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು. ನಾವು ಎರಡು ಭಾಷೆಯ ಜನ. ಎರಡೂ ಕಡೆಯವರನ್ನು ನಮ್ಮವರೆನ್ನುವ ಹಕ್ಕು ನಮಗಿದೆ.

‘ಮೇಷ್ಟ್ರೇ, ನಮ್ಮ ರಾಯದುರ್ಗ, ಮಡಕಶಿರಾದಲ್ಲಿ ಟ್ರ್ಯಾಪ್ ಮೈದಾನ ಎಲ್ಲಿದೆ’ ಎಂದು ನೀವು ಕೇಳಬಹುದು. ಅದು ದುಡ್ಡಿನ ಆಟ, ಬಂದೂಕಿಗೆ ಪರವಾನಗಿ ಬೇಕು, ತೋಟಾಕ್ಕೆ ಬೆಲೆ ಇದೆ. ನಿಜ. ಆದರೆ ಶಾಲೆಯ ಮೈದಾನ ಇದೆಯಲ್ಲ? ಮಂಡಲ ಮಟ್ಟದ ಕ್ರೀಡಾಕೂಟ ಇದೆಯಲ್ಲ? ಆ ದೊಡ್ಡ ಮೈದಾನಕ್ಕೆ ಬೇಕಾದದ್ದೇ ಈ ಸಣ್ಣ ಮೈದಾನಕ್ಕೂ ಬೇಕು. ಪೋಲಿಯೋ ಈಗ ಇಲ್ಲ, 2014ರಲ್ಲಿ ನಮ್ಮ ದೇಶ ಅದರಿಂದ ಮುಕ್ತವೆಂದು ಸಾರಲಾಯಿತು. ಆದರೆ ರಸ್ತೆ ಅಪಘಾತಗಳಿವೆ, ಮರದಿಂದ ಬಿದ್ದವರಿದ್ದಾರೆ. ನಮ್ಮ ಸೀಮೆಯ ಫ್ಲೋರೈಡ್ ನೀರು ಕುಡಿದು ಮೂಳೆ ಬಾಗಿದವರಿದ್ದಾರೆ.

ಕಾನೂನೂ ಇದೆ. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೇಳಿತ್ತು. 2016ರ ಕಾಯ್ದೆ ಅದನ್ನು ಇಪ್ಪತ್ತೊಂದಕ್ಕೆ ಏರಿಸಿತು. ಅದರ 30ನೇ ಕಲಮು ಕ್ರೀಡೆಗೆಂದೇ ಇದೆ. ಕ್ರೀಡಾ ಸೌಕರ್ಯಗಳನ್ನು ಇವರಿಗೂ ಒದಗುವಂತೆ ಮಾರ್ಪಡಿಸಬೇಕು ಎನ್ನುತ್ತದೆ ಅದು. ಗಡಿಯ ನಮಗೆ ಇನ್ನೊಂದು ಮಾತು ಮುಖ್ಯ. ಈ ಕಾಯ್ದೆಯಡಿ ಕೊಟ್ಟ ವೈಕಲ್ಯ ಪ್ರಮಾಣಪತ್ರ ದೇಶದಾದ್ಯಂತ ನಡೆಯುತ್ತದೆ. ಸದರಂ ಶಿಬಿರಕ್ಕೆ ಹೋಗಿ ಪತ್ರ ಮಾಡಿಸಿಕೊಂಡ ಅಗಳಿಯ ಹುಡುಗಿ ಶಿರಾಕ್ಕೆ ಮದುವೆಯಾಗಿ ಹೋದರೆ ಆ ಪತ್ರ ಸುಳ್ಳಾಗುವುದಿಲ್ಲ. 1953ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ರಾಯದುರ್ಗ ಆಂಧ್ರಕ್ಕೆ ಬಂತು. 2022ರಲ್ಲಿ ಮಡಕಶಿರಾ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗೆರೆಗಳು ಹೀಗೆ ಸರಿಯುತ್ತಲೇ ಇರುತ್ತವೆ. ಮನುಷ್ಯನ ಹಕ್ಕು ಅವುಗಳ ಜೊತೆ ಸರಿಯಬಾರದು.

ನಿಮ್ಮೂರಿನಲ್ಲಿ ಆಟದ ಕೂಟ ನಡೆಸುವವರಿದ್ದರೆ ನಾಲ್ಕು ಮಾತು ನೆನಪಿಡಿ. ಒಂದು, ಕಟ್ಟೆಗೆ ಇಳಿಜಾರು ಮಾಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಇದು ಲೆಕ್ಕ. ಅದಕ್ಕಿಂತ ಕಡಿದಾದರೆ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಕಟ್ಟೆಯೇ ಬೇಡ, ನೆಲದ ಮೇಲೇ ಆಡಿಸುತ್ತೇವೆ ಎಂದರೆ ಇನ್ನೂ ಒಳ್ಳೆಯದು, ಖರ್ಚೂ ಇಲ್ಲ. ಎರಡು, ಕುರ್ಚಿ ತಿರುಗಲು ಐದಡಿ ಜಾಗ ಬಿಡಿ, ಬಾಗಿಲು ಮೂರಡಿ ಅಗಲವಿರಲಿ. ಪಾಯಿಖಾನೆಯ ಬಾಗಿಲನ್ನು ಮರೆಯಬೇಡಿ, ಅದಿಲ್ಲವೆಂದೇ ಎಷ್ಟೋ ಹೆಣ್ಣುಮಕ್ಕಳು ಮನೆಯಿಂದ ಹೊರಡುವುದಿಲ್ಲ. ಮೂರು, ಮೈಕಿನಲ್ಲಿ ಕೂಗುವುದನ್ನು ಕನ್ನಡದಲ್ಲೂ ತೆಲುಗಿನಲ್ಲೂ ಕೂಗಿ, ಬೋರ್ಡಿನ ಮೇಲೂ ಬರೆಯಿರಿ. ಕನ್ನಡ ಶಾಲೆಯ ಮಗುವಿಗೂ ಅನುಕೂಲ, ಕಿವಿ ಕೇಳದ ಮಗುವಿಗೂ ಅನುಕೂಲ. ನಾಲ್ಕು, ನಿಯಮ ಬರೆಯುವ ಮುಂಚೆ ಅವರನ್ನೇ ಕೇಳಿ. ನಿಮಗೆ ಏನು ಬೇಕು ಎಂಬ ಒಂದು ಮಾತು ಸಾಕು.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಕ್ರೀಡಾಕೂಟವಾದ ಮುಂದಿನ ವರ್ಷವೇ ಇರಬೇಕು, ಹೇಮಾವತಿಯ ಸಿದ್ಧೇಶ್ವರಸ್ವಾಮಿ ಜಾತ್ರೆಯಲ್ಲಿ ಅವನನ್ನು ಕಂಡೆ. ಬಲೂನಿಗೆ ಏರ್ ಗನ್ನಿನಿಂದ ಹೊಡೆಯುವ ಅಂಗಡಿಯ ಮುಂದೆ ಅಣ್ಣನ ಸೈಕಲ್ ಮೇಲೆ ಕೂತಿದ್ದ. ಅಂಗಡಿಯ ಹಲಗೆ ಎದೆಮಟ್ಟಕ್ಕಿತ್ತು. ಅಂಗಡಿಯವನು ತೆಲುಗಿನವನು, ಓದು ಬರಹ ಬಾರದವನು. ಹುಡುಗನನ್ನು ಒಮ್ಮೆ ನೋಡಿದ. ಹಲಗೆಯನ್ನು ಕಿತ್ತು ಎರಡು ಗೋಣಿಮೂಟೆಯ ಮೇಲೆ ಇಟ್ಟ. ತಾನು ಕೂರುವ ಸ್ಟೂಲನ್ನು ಮುಂದಕ್ಕೆ ತಳ್ಳಿ, ‘ಕೂಚೋನಿ ಕೊಟ್ಟು ನಾಯನಾ’ ಎಂದ. ಕೂತು ಹೊಡೆಯಪ್ಪ ಎಂದು. ಅಷ್ಟೆಲ್ಲ ಮಾಡಲು ಅವನಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಹತ್ತು ಗುಂಡಿಗೆ ಒಂಬತ್ತು ಬಲೂನು ಒಡೆದವು.

ಆ ಹುಡುಗ ಈಗ ರಾಯದುರ್ಗದಲ್ಲಿ ಹೊಲಿಗೆ ಕೆಲಸ ಮಾಡುತ್ತಾನೆ, ತಲೆ ನರೆತಿದೆ. ಈಚೆಗೆ ಸಿಕ್ಕಾಗ ನಗುತ್ತಲೇ ಕೇಳಿದ: ‘ಅವತ್ತು ಕಟ್ಟೆ ಹತ್ರ ನೀವೂ ಇದ್ರಲ್ಲ ಮೇಷ್ಟ್ರೇ?’

ಇದ್ದೆ ಕಣಪ್ಪ ಎಂದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ.

ಕೇಳುಗರೇ, ನಿಮ್ಮೂರಿನ ಕೂಟದಲ್ಲಿ ತೀರ್ಪುಗಾರರ ಕುರ್ಚಿ ನಿಮಗೂ ಸಿಕ್ಕೀತು. ಆಗ ಮೂರು ಮೆಟ್ಟಿಲ ಕೆಳಗೆ ಯಾರಾದರೂ ಕಾಯುತ್ತಿದ್ದಾರೆಯೇ ಎಂದು ಒಮ್ಮೆ ಬಗ್ಗಿ ನೋಡಿ. ಇದ್ದರೆ, ನನ್ನಂತೆ ಸುಮ್ಮನಿರಬೇಡಿ.