ಸ್ವರಾಜ್ ದ್ವೀಪದಲ್ಲಿ ಎಲೆಕ್ಟ್ರಿಕ್ ಗಾಡಿ: ಬಾಡಿಗೆಗೆ ತಗೊಳ್ಳೋ ಮುಂಚೆ ಒಂದು ಲೆಕ್ಕ

 

ಇವತ್ತು ಅಂಡಮಾನ್‌ಗೆ ಹೋಗೋಣ. ಬೆಂಗಳೂರಿಂದ ನೇರ ವಿಮಾನ ಇದೆ, ಎರಡೂವರೆ ಗಂಟೆ ಆಸುಪಾಸಿನ ಹಾರಾಟ. ಇಳಿಯೋದು ಪೋರ್ಟ್ ಬ್ಲೇರ್‌ನಲ್ಲಿ. 2024ರಿಂದ ಅದರ ಅಧಿಕೃತ ಹೆಸರು ಶ್ರೀ ವಿಜಯ ಪುರಂ. ಅಲ್ಲಿಂದ ಹಡಗು ಹತ್ತಿದ್ರೆ ಹ್ಯಾವ್‌ಲಾಕ್. ಅದಕ್ಕೂ 2018ರಲ್ಲಿ ಹೆಸರು ಬದಲಾಯ್ತು, ಈಗ ಸ್ವರಾಜ್ ದ್ವೀಪ. ಖಾಸಗಿ ವೇಗದ ಹಡಗಲ್ಲಿ ಒಂದೂವರೆ ಗಂಟೆ, ಸರ್ಕಾರಿ ಹಡಗಲ್ಲಿ ಎರಡೂವರೆ ಗಂಟೆ ಅಂತ ಇಟ್ಕೊಳ್ಳಿ.

ಹಡಗಿಂದ ಇಳಿದ ತಕ್ಷಣ ಮೊದಲ ಪ್ರಶ್ನೆ: ಸುತ್ತೋದು ಹೇಗೆ? ಟ್ಯಾಕ್ಸಿ ಇದೆ, ಆಟೋ ಇದೆ, ಬಸ್ಸೂ ಇದೆ. ಆದ್ರೆ ನಮ್ಮ ವಯಸ್ಸಿನವರು ಹುಡುಕೋದು ಬಾಡಿಗೆ ಸ್ಕೂಟರ್. ಈಗ ಪೆಟ್ರೋಲ್ ಗಾಡಿ ಪಕ್ಕದಲ್ಲೇ ಎಲೆಕ್ಟ್ರಿಕ್ ಗಾಡೀನೂ ನಿಂತಿರುತ್ತೆ. ಎಲ್ಲಾ ಅಂಗಡಿಯಲ್ಲೂ ಅಲ್ಲ, ಕೆಲವು ಕಡೆ. ಅದನ್ನ ತಗೋಬೇಕಾ, ಬೇಡ್ವಾ? ಇವತ್ತಿನ ಮಾತು ಇಷ್ಟೇ. ನಾನು ಓದಿದ್ದು ಬಿಕಾಂ, ಹಾಗಾಗಿ ಲೆಕ್ಕ ಹಾಕದೆ ಬಿಡಲ್ಲ.

ಮೊದಲು ದ್ವೀಪದ ನಕ್ಷೆ ತಲೆಯಲ್ಲಿ ಇಟ್ಕೊಳ್ಳಿ. ಅಲ್ಲಿ ಊರುಗಳಿಗೆ ನಂಬರ್ ಇದೆ. ಜೆಟ್ಟಿ ಇರೋದು 1ನೇ ನಂಬರ್‌ನಲ್ಲಿ. ಸ್ವಲ್ಪ ಮುಂದೆ ಹೋದ್ರೆ 3ನೇ ನಂಬರ್, ಅಂದ್ರೆ ಗೋವಿಂದ ನಗರದ ಮಾರ್ಕೆಟ್. ಅಲ್ಲಿ ರಸ್ತೆ ಕವಲಾಗುತ್ತೆ. ಒಂದು ರಸ್ತೆ ಪೂರ್ವ ಕರಾವಳಿ ಹಿಡ್ಕೊಂಡು 5ನೇ ನಂಬರ್ ವಿಜಯ ನಗರ ದಾಟಿ ಕಾಲಾಪತ್ಥರ್ ಬೀಚ್ ಕಡೆ ಹೋಗುತ್ತೆ. ಇನ್ನೊಂದು ದ್ವೀಪದ ಮಧ್ಯೆ ಕಾಡು, ಏರು, ಇಳಿಜಾರು ದಾಟಿ ಪಶ್ಚಿಮಕ್ಕೆ 7ನೇ ನಂಬರ್‌ಗೆ, ಅಂದ್ರೆ ರಾಧಾನಗರ ಬೀಚ್‌ಗೆ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಒಳ್ಳೆ ಬೀಚ್ ಅಂತ ಕರೆದಿದ್ದು ಇದನ್ನೇ. ಈ ಗೋವಿಂದ ನಗರ, ರಾಧಾ ನಗರ, ಕೃಷ್ಣ ನಗರ ಅನ್ನೋ ಹೆಸರುಗಳ ಹಿಂದೆ ದೇಶ ವಿಭಜನೆ ಇದೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನ ಸರ್ಕಾರ ಇಲ್ಲಿ ನೆಲೆಸಿತು. ಈಗಲೂ ಅಂಗಡಿ, ಮನೆಗಳಲ್ಲಿ ಕೇಳಿಸೋದು ಬಂಗಾಳಿ.

ಜೆಟ್ಟಿಯಿಂದ ರಾಧಾನಗರಕ್ಕೆ ಸುಮಾರು 12 ಕಿಲೋಮೀಟರ್. ಕಾಲಾಪತ್ಥರ್‌ಗೂ ಹೆಚ್ಚುಕಮ್ಮಿ ಅಷ್ಟೇ. ಎರಡನ್ನೂ ಹೋಗಿ ಬಂದ್ರೆ 48 ಕಿಲೋಮೀಟರ್. ಈ 48 ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಒಬ್ಬ ಫ್ರೆಂಡ್ ಕೇಳಿದ ಪ್ರಶ್ನೆ. "ಅಲ್ಲ ಮಾರಾಯ, ಅಂಡಮಾನ್‌ನಲ್ಲಿ ಕರೆಂಟ್ ಬರೋದೇ ಡೀಸೆಲ್ ಜನರೇಟರ್‌ನಿಂದ. ಅದರಲ್ಲಿ ಚಾರ್ಜ್ ಮಾಡಿ ಎಲೆಕ್ಟ್ರಿಕ್ ಓಡಿಸ್ತೀನಿ ಅನ್ನೋದು ಬರೀ ಶೋಕಿ ತಾನೆ?"

ಪ್ರಶ್ನೆ ಸರಿಯಾಗೇ ಇದೆ. ಅಂಡಮಾನ್‌ಗೂ ನಮ್ಮ ದೇಶದ ವಿದ್ಯುತ್ ಜಾಲಕ್ಕೂ ತಂತಿಯ ಸಂಬಂಧ ಇಲ್ಲ, ನಡುವೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸಮುದ್ರ. ಉತ್ತರ ಅಂಡಮಾನ್‌ನ ಕಲ್ಪೋಂಗ್‌ನಲ್ಲಿ 5.25 ಮೆಗಾವ್ಯಾಟ್‌ನ ಒಂದು ಜಲವಿದ್ಯುತ್ ಘಟಕ ಇದೆ, ಸೋಲಾರ್ ಕೂಡ ಸ್ವಲ್ಪ ಬಂದಿದೆ. ಮಿಕ್ಕಿದ್ದು ಬಹುಪಾಲು ಡೀಸೆಲ್. ಆ ಡೀಸೆಲ್ಲೂ ಹಡಗಲ್ಲೇ ಬರಬೇಕು.

ಹಾಗಾದ್ರೆ ಲೆಕ್ಕ ಹಾಕೋಣ. ಒಂದು ಲೀಟರ್ ಡೀಸೆಲ್ ಸುಟ್ರೆ ಜನರೇಟರ್ ಸುಮಾರು ಮೂರೂವರೆ ಯೂನಿಟ್ ಕರೆಂಟ್ ಕೊಡುತ್ತೆ. ಸಣ್ಣ ಎಲೆಕ್ಟ್ರಿಕ್ ಸ್ಕೂಟರ್ ಇಬ್ಬರನ್ನ ಹೊತ್ಕೊಂಡು ಒಂದು ಕಿಲೋಮೀಟರ್ ಓಡೋಕೆ ಬ್ಯಾಟರಿಯಿಂದ 30 ವ್ಯಾಟ್-ಅವರ್ ತಗೊಳ್ಳುತ್ತೆ ಅಂತ ಇಟ್ಕೊಳ್ಳೋಣ. ಚಾರ್ಜರ್‌ನಲ್ಲಿ, ತಂತಿಯಲ್ಲಿ ಸೋರಿಹೋಗೋದನ್ನ ಸೇರಿಸಿ 40 ಅನ್ನೋಣ. ಮೂರೂವರೆ ಯೂನಿಟ್ ಅಂದ್ರೆ 3,500 ವ್ಯಾಟ್-ಅವರ್. 40ರಿಂದ ಭಾಗಿಸಿ: 87 ಕಿಲೋಮೀಟರ್. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕೊಟ್ರೆ ನಾವು ಖುಷಿ ಪಡ್ತೀವಿ. ಅಂದ್ರೆ ಕರೆಂಟ್ ಪೂರ್ತಿ ಡೀಸೆಲ್‌ದೇ ಆದ್ರೂ ಎಲೆಕ್ಟ್ರಿಕ್ ಗಾಡಿಗೆ ಇಂಧನ ಸುಮಾರು ಅರ್ಧ ಸಾಕು.

ಹೊಗೆ ಲೆಕ್ಕ ಇಷ್ಟು ದೊಡ್ಡದಲ್ಲ, ಯಾಕಂದ್ರೆ ಒಂದು ಲೀಟರ್ ಡೀಸೆಲ್ ಸುಟ್ರೆ 2.7 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತೆ, ಪೆಟ್ರೋಲ್‌ಗೆ 2.3. ಆದ್ರೂ ಕಿಲೋಮೀಟರಿಗೆ 51 ಗ್ರಾಂ ಇದ್ದಿದ್ದು 31 ಗ್ರಾಂಗೆ ಇಳಿಯುತ್ತೆ. ಇನ್ನು ಪೆಡಲ್ ತುಳಿಯೋ ಎಲೆಕ್ಟ್ರಿಕ್ ಸೈಕಲ್ ತಗೊಂಡ್ರೆ? ಅದು ಕಿಲೋಮೀಟರಿಗೆ 10 ವ್ಯಾಟ್-ಅವರ್ ಆಸುಪಾಸು ತಿನ್ನುತ್ತೆ, ಸೋರಿಕೆ ಸೇರಿ 13. ಒಂದು ಲೀಟರ್ ಡೀಸೆಲ್‌ಗೆ ಸುಮಾರು 270 ಕಿಲೋಮೀಟರ್! ಮಿಕ್ಕಿದ್ದು ನಿಮ್ಮ ಬೆಳಗಿನ ತಿಂಡಿ ನೋಡ್ಕೊಳ್ಳುತ್ತೆ.

ಇಲ್ಲಿಗೆ ನಿಲ್ಲಿಸಿದ್ರೆ ಅರ್ಧ ಲೆಕ್ಕ ಮುಚ್ಚಿಟ್ಟ ಹಾಗೆ. ಬೆಂಗಳೂರಿಂದ ಪೋರ್ಟ್ ಬ್ಲೇರ್ 1,600 ಕಿಲೋಮೀಟರ್‌ಗಿಂತ ಜಾಸ್ತಿ. ವಿಮಾನದಲ್ಲಿ ಒಬ್ಬ ಪ್ರಯಾಣಿಕನ ಪಾಲಿಗೆ ಒಂದು ಕಡೆಗೆ 40 ಲೀಟರ್ ಇಂಧನ ಆಸುಪಾಸು ಅಂತ ಹಿಡಿದ್ರೂ, ಹೋಗಿ ಬರೋಕೆ 80. ನೀವು ದ್ವೀಪದಲ್ಲಿ ಎರಡು ದಿನದಲ್ಲಿ 100 ಕಿಲೋಮೀಟರ್ ಓಡಿಸಿದ್ರೆ, ಎಲೆಕ್ಟ್ರಿಕ್‌ನಿಂದ ಉಳಿಯೋದು ಒಂದೇ ಒಂದು ಲೀಟರ್. 80ರ ಮುಂದೆ ಒಂದು. ಹಾಗಾಗಿ "ನಾನು ಪರಿಸರ ಉಳಿಸಿದೆ" ಅಂತ ರೀಲ್ಸ್ ಹಾಕೋಕೆ ಅಂತ ಎಲೆಕ್ಟ್ರಿಕ್ ತಗೋಬೇಡಿ.

ಮತ್ತೆ ಯಾಕೆ ತಗೋಬೇಕು? ಆ ಗಾಡಿಯ ಮಿತಿ ಆ ದ್ವೀಪದ ಅಳತೆಗೆ ಸರಿಯಾಗಿ ಕೂರುತ್ತೆ, ಅದಕ್ಕೆ. ದೊಡ್ಡ ಗಾಡಿ ಇದ್ರೆ ಒಂದೇ ದಿನದಲ್ಲಿ ಎಲ್ಲಾ ಬೀಚ್ ಮುಗಿಸಿ, ಸಂಜೆ ಹಡಗಿಗೆ ಓಡೋಣ ಅನ್ಸುತ್ತೆ. ಬ್ಯಾಟರಿ ಗಾಡಿ ಹಾಗೆ ಬಿಡಲ್ಲ. ಮಧ್ಯಾಹ್ನ ನಿಲ್ಲಿಸುತ್ತೆ, ಊಟ ಮಾಡಿಸುತ್ತೆ, ಒಂದು ರಾತ್ರಿ ಜಾಸ್ತಿ ಉಳಿಸುತ್ತೆ. ಆ ಒಂದು ರಾತ್ರಿಯ ದುಡ್ಡು ಅಲ್ಲಿನ ಹೋಟೆಲಿಗೆ, ಮೀನಿನ ಊಟ ಹಾಕೋ ಮನೆಗೆ, ಎಳನೀರಿನವರಿಗೆ ಹೋಗುತ್ತೆ. ಇನ್ನು ರಾಧಾನಗರದ ಕಾಡಿನ ರಸ್ತೆಯಲ್ಲಿ ಇಂಜಿನ್ ಸದ್ದಿಲ್ಲದೆ ಹೋಗೋದು ಹೇಗಿರುತ್ತೆ ಅಂತ ನಾನು ಹೇಳಲ್ಲ, ನೀವೇ ಹೋಗಿ ಕೇಳಿಸ್ಕೊಳ್ಳಿ.

ಸರಿ, ತಗೊಳ್ಳೋಣ ಅಂತ ತೀರ್ಮಾನ ಆಯ್ತು. ಈಗ ಬಜೆಟ್. ನಾವು ತಿಂಗಳ ಸಂಬಳನ ಹೇಗೆ ಹಂಚ್ತೀವೋ ಬ್ಯಾಟರೀನೂ ಹಾಗೇ ಹಂಚಬೇಕು. ಇಲ್ಲಿ ಸಾಲ ಕೊಡೋರು ಯಾರೂ ಇಲ್ಲ.

ಅಂಗಡಿಯವರು "ಫುಲ್ ಚಾರ್ಜ್‌ಗೆ 60 ಕಿಲೋಮೀಟರ್" ಅಂದ್ರೆ, ಅದು ಒಬ್ಬರೇ ಕೂತು, ಸಮತಟ್ಟು ರಸ್ತೆಯಲ್ಲಿ, ಹೊಸ ಬ್ಯಾಟರಿಯಲ್ಲಿ ಸಿಗೋ ಸಂಖ್ಯೆ. ಇಬ್ಬರು, ಏರು, ಎರಡು ವರ್ಷ ಹಳೇ ಬ್ಯಾಟರಿ, ಉಪ್ಪು ಗಾಳಿ ಎಲ್ಲಾ ಸೇರಿದ್ರೆ ಮೂರರಲ್ಲಿ ಎರಡು ಪಾಲು ಅಂತ ಹಿಡೀರಿ. ಅಂದ್ರೆ 40. ನಮ್ಮ ಸುತ್ತಾಟ ಎಷ್ಟು? 48. ಬಜೆಟ್‌ನಲ್ಲಿ ಕೊರತೆ ಬಂತು, ನೋಡಿ.

ಪರಿಹಾರ ಸುಲಭ. ಬೆಳಗ್ಗೆ ಕಾಲಾಪತ್ಥರ್ ಮುಗಿಸಿ, ಅದು ಪೂರ್ವಕ್ಕಿರೋ ಬೀಚ್, ಸೂರ್ಯೋದಯ ಅಲ್ಲೇ ಚೆನ್ನ. ಮಧ್ಯಾಹ್ನ ಬಿಸಿಲಲ್ಲಿ ಹೇಗಿದ್ರೂ ಸುತ್ತೋಕಾಗಲ್ಲ, ವಾಪಸ್ ಬಂದು ಚಾರ್ಜ್‌ಗೆ ಹಾಕಿ. 300 ವ್ಯಾಟ್ ಚಾರ್ಜರ್‌ನಲ್ಲಿ ಎರಡು ಗಂಟೆ ಅಂದ್ರೆ 20 ಕಿಲೋಮೀಟರ್‌ಗೆ ಆಗೋಷ್ಟು ಬರುತ್ತೆ. ಗಾಡಿ ನಿಲ್ಲಿಸಿದ ಕೂಡಲೇ ಪ್ಲಗ್ ಹಾಕಬೇಡಿ, ಬ್ಯಾಟರಿ ಬಿಸಿ ಆರೋವರೆಗೂ ಅರ್ಧ ಗಂಟೆ ಬಿಡಿ. ಆಮೇಲೆ ರಾಧಾನಗರ. ಮಧ್ಯಾಹ್ನ ಚಾರ್ಜ್ ಮಾಡೋದ್ರಲ್ಲಿ ಇನ್ನೊಂದು ಒಳ್ಳೇದಿದೆ: ಸಂಜೆ ಆರರ ಮೇಲೆ ಎಲ್ಲಾ ಮನೆಗಳ ಲೈಟು, ಎಲ್ಲಾ ರೆಸಾರ್ಟ್‌ಗಳ ಎಸಿ ಒಟ್ಟಿಗೆ ಆನ್ ಆಗುತ್ತೆ. ಸಣ್ಣ ಪವರ್ ಹೌಸ್ ಮೇಲೆ ಆಗ ಇನ್ನೊಂದು ಪ್ಲಗ್ ಯಾಕೆ?

ಸೂರ್ಯಾಸ್ತದ ವಿಷಯ ಬಹಳ ಮುಖ್ಯ. ಅಂಡಮಾನ್ ಇರೋದು ಬೆಂಗಳೂರಿಗಿಂತ ಎಷ್ಟೋ ಪೂರ್ವಕ್ಕೆ, ಆದ್ರೆ ಗಡಿಯಾರ ಒಂದೇ. ಡಿಸೆಂಬರ್‌ನಲ್ಲಿ ಸಂಜೆ ಐದು ಗಂಟೆ ಹೊತ್ತಿಗೇ ಸೂರ್ಯ ಮುಳುಗ್ತಾನೆ, ಐದೂವರೆಗೆ ಕತ್ತಲು. ರಾಧಾನಗರದ ಸೂರ್ಯಾಸ್ತ ನೋಡ್ಕೊಂಡು ಹೊರಟ್ರೆ ಮುಂದಿನ 12 ಕಿಲೋಮೀಟರ್ ಕಾಡು ರಸ್ತೆ, ಕತ್ತಲಲ್ಲಿ, ಏರಿನಲ್ಲಿ. ಹಾಗಾಗಿ ಬೀಚ್‌ನಲ್ಲಿ ಗಾಡಿ ನಿಲ್ಲಿಸುವಾಗ ಅರ್ಧಕ್ಕಿಂತ ಜಾಸ್ತಿ ಬ್ಯಾಟರಿ ಉಳಿದಿರಬೇಕು. ಹೆಡ್‌ಲೈಟ್ ಚೆಕ್ ಮಾಡೋದು ಬೆಳಗ್ಗೆ ಅಂಗಡಿ ಮುಂದೆ, ಸಂಜೆ ಬೀಚ್ ಹತ್ರ ಅಲ್ಲ.

ಇನ್ನೊಂದು ಟಿಪ್. ನಿಂತಿರುವಾಗ ಬ್ಯಾಟರಿ ಕಡ್ಡಿ ನೋಡಿ ನಂಬಬೇಡಿ. ಎಷ್ಟೋ ಗಾಡಿಗಳಲ್ಲಿ ಏರು ಹತ್ತುವಾಗ ಕಡ್ಡಿ ಸರ್ರನೆ ಇಳಿಯುತ್ತೆ, ನಿಲ್ಲಿಸಿದ್ರೆ ಮತ್ತೆ ಏರುತ್ತೆ. ಏರಿನಲ್ಲಿ ಏನು ತೋರಿಸುತ್ತೋ ಅದನ್ನೇ ನಂಬಿ.

ಈಗ ಕಾನೂನು. ಬೆಂಗಳೂರಲ್ಲಿ ಯುಲು ಓಡಿಸಿದವರಿಗೆ ಗೊತ್ತು: ನಂಬರ್ ಪ್ಲೇಟ್ ಇಲ್ಲ, ಡಿಎಲ್ ಬೇಡ. ಯಾಕಂದ್ರೆ ಮೋಟರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದ, ಬ್ಯಾಟರಿ ಬಿಟ್ಟು 60 ಕೆಜಿ ಮೀರದ ಗಾಡಿ ಕಾನೂನಿನ ಲೆಕ್ಕದಲ್ಲಿ ಮೋಟಾರು ವಾಹನವೇ ಅಲ್ಲ. ದ್ವೀಪದಲ್ಲೂ ಇದೇ ನಿಯಮ. ಒಬ್ಬರಿಗೆ ಸಾಕು. ಇಬ್ಬರು ಕೂತ್ರೆ? ಗಾಡಿ ಸೇರಿ 230 ಕೆಜಿ ಅಂತ ಇಟ್ಕೊಳ್ಳಿ. ನೂರು ಮೀಟರಿಗೆ ಐದು ಮೀಟರ್ ಏರೋ ರಸ್ತೆಯಲ್ಲಿ 250 ವ್ಯಾಟ್ ಎಳೆಯೋದು ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ. ಜಾಗಿಂಗ್ ಮಾಡೋರು ನಿಮ್ಮನ್ನ ಓವರ್‌ಟೇಕ್ ಮಾಡ್ತಾರೆ! ಹಾಗಾಗಿ ಜೋಡಿ ಹೋಗೋರು ಎರಡು ಸಣ್ಣ ಗಾಡಿ ತಗೊಳ್ಳಿ, ಇಲ್ಲಾ ನೋಂದಣಿ ಆಗಿರೋ ದೊಡ್ಡ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳಿ.

ದೊಡ್ಡದಾದ್ರೆ ಡಿಎಲ್ ಬೇಕು, ಪ್ಲೇಟ್ ನೋಡಬೇಕು. ಹಸಿರು ಪ್ಲೇಟ್ ಮೇಲೆ ಹಳದಿ ಅಕ್ಷರ ಇದ್ರೆ ವಾಣಿಜ್ಯ ಬಳಕೆಯ ಗಾಡಿ. ಹಸಿರು ಮೇಲೆ ಬಿಳಿ ಅಕ್ಷರ ಇದ್ರೆ ಸ್ವಂತ ಬಳಕೆಯದ್ದು, ಅದನ್ನ ಬಾಡಿಗೆಗೆ ಕೊಡ್ತಿದ್ದಾರೆ ಅಂತ. ಏನಾದ್ರೂ ಆಕ್ಸಿಡೆಂಟ್ ಆದ್ರೆ ವಿಮೆ ಕ್ಲೇಮ್ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಇನ್ನು ಪ್ಲೇಟ್ ಇಲ್ಲದ ಸಣ್ಣ ಗಾಡಿಗೆ ಕಡ್ಡಾಯ ವಿಮೆಯೇ ಇಲ್ಲ. ರಸ್ತೆ ದಾಟ್ತಿರೋ ಅಜ್ಜನಿಗೆ ಗುದ್ದಿದ್ರೆ ಖರ್ಚು ನಿಮ್ಮ ಜೇಬಿಂದ. ಡಿಎಲ್ ಬೇಡ ಅಂದ್ರೆ ಜವಾಬ್ದಾರಿ ಬೇಡ ಅಂತಲ್ಲ. ಹೆಲ್ಮೆಟ್ ಯಾವ ಗಾಡಿಯಾದ್ರೂ ಹಾಕಿ. ದೊಡ್ಡ ಸರ್ಕಾರಿ ಆಸ್ಪತ್ರೆ ಇರೋದು ಪೋರ್ಟ್ ಬ್ಲೇರ್‌ನಲ್ಲಿ. ತಲೆಗೆ ಪೆಟ್ಟಾದ್ರೆ ನಡುವೆ ಸಮುದ್ರ ಇದೆ ಅನ್ನೋದು ಮರೀಬೇಡಿ.

ಕೊನೆಗೆ ಅಂಗಡಿಯವರ ಕಡೆಯಿಂದ ಒಂದು ಲೆಕ್ಕ. ನಾವು ಚೌಕಾಸಿ ಮಾಡುವಾಗ "ಕರೆಂಟ್‌ಗೆ ಇಪ್ಪತ್ತು ರೂಪಾಯಿ ಆಗುತ್ತೆ, ಇಷ್ಟು ಬಾಡಿಗೆ ಯಾಕೆ?" ಅಂತೀವಿ. ಅವರ ನಿಜವಾದ ಖರ್ಚು ಬ್ಯಾಟರಿ. ಉದಾಹರಣೆಗೆ ಬ್ಯಾಟರಿ 30,000 ರೂಪಾಯಿ, 600 ಚಾರ್ಜ್‌ವರೆಗೆ ಬಾಳುತ್ತೆ ಅಂದ್ರೆ, ಪ್ರತಿ ಚಾರ್ಜ್‌ಗೆ 50 ರೂಪಾಯಿ ಸವಕಳಿ. ಅದು ಕೆಟ್ರೆ ಹೊಸದು ಬರೋದೂ ಹಡಗಲ್ಲೇ, ಅಲ್ಲಿವರೆಗೂ ಗಾಡಿ ಮೂಲೆಯಲ್ಲಿ. ಅದಕ್ಕೇ ಅವರು "ಪೂರ್ತಿ ಖಾಲಿ ಮಾಡಬೇಡಿ" ಅನ್ನೋದು. ಆ ಮಾತು ಕೇಳಿ. ಅದೇ ಹೊತ್ತಿಗೆ ನಿಮ್ಮ ಕಡೆಯಿಂದಲೂ ಹುಷಾರಾಗಿರಿ: ಗಾಡಿ ಸುತ್ತ ಒಂದು ವಿಡಿಯೋ ತೆಗೀರಿ, ಚಾರ್ಜ್ ನಿಂತುಹೋದ್ರೆ ಯಾರು ಬಂದು ಕರ್ಕೊಂಡು ಹೋಗ್ತಾರೆ, ಅದಕ್ಕೆ ಎಷ್ಟು ಅಂತ ಮೊದಲೇ ಕೇಳಿ. ಒರಿಜಿನಲ್ ಆಧಾರ್ ಅಡ ಇಡೋ ಬದಲು ಜೆರಾಕ್ಸ್ ಕೊಟ್ಟು, ಡೆಪಾಸಿಟ್ ಕಟ್ಟಿ ರಸೀದಿ ತಗೊಳ್ಳಿ. ಡಿಜಿಲಾಕರ್‌ನಲ್ಲಿರೋ ಡಿಎಲ್ ಕಾನೂನು ಪ್ರಕಾರ ನಡೆಯುತ್ತೆ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಸ್ವರಾಜ್ ದ್ವೀಪಕ್ಕೂ ಇಂಟರ್ನೆಟ್ ಸುಧಾರಿಸಿದೆ, ಆದ್ರೂ ಕಾಡಿನ ರಸ್ತೆಯಲ್ಲಿ ಸಿಗ್ನಲ್ ನಂಬ್ಕೋಬೇಡಿ. ಮ್ಯಾಪ್ ಡೌನ್‌ಲೋಡ್ ಮಾಡಿ, ಡಿಎಲ್‌ನ ಸ್ಕ್ರೀನ್ ತೆರೆದಿಟ್ಕೊಳ್ಳಿ, ಜೇಬಲ್ಲಿ ನಗದು ಇಟ್ಕೊಳ್ಳಿ.

ಒಟ್ಟು ಲೆಕ್ಕ ಇಷ್ಟು. ಒಂದೇ ದಿನ ಇದೆ, ಇಬ್ಬರಿದ್ದೀರಿ, ಎಲ್ಲಾ ನೋಡ್ಬೇಕು ಅಂದ್ರೆ ಎಲೆಕ್ಟ್ರಿಕ್ ಬೇಡ, ಆಟೋ ಇಲ್ಲಾ ಬಸ್ ಹತ್ತಿ. ಎರಡು ರಾತ್ರಿ ಇದ್ರೆ, ದಿನಕ್ಕೊಂದು ದಿಕ್ಕು ಅಂತ ಹಂಚ್ಕೊಂಡ್ರೆ, ಅದಕ್ಕಿಂತ ಒಳ್ಳೇ ಗಾಡಿ ಆ ದ್ವೀಪಕ್ಕೆ ಇನ್ನೊಂದಿಲ್ಲ. ಆ ಊರಿಗೆ ಅಕ್ಕಿ, ಡೀಸೆಲ್, ಬ್ಯಾಟರಿ, ನಾವು, ಎಲ್ಲರೂ ಹಡಗಲ್ಲೇ ಬರೋದು. ಅಂಥ ಜಾಗದಲ್ಲಿ ಇರೋದನ್ನ ಎಣಿಸಿ ಖರ್ಚು ಮಾಡೋದು ಅತಿಥಿಗಳಾದ ನಮ್ಮ ಮರ್ಯಾದೆ.

ನೀವು ಹೋಗಿ ಬಂದಿದ್ರೆ, ನಿಮ್ಮ ಗಾಡಿ ನಿಜವಾಗ್ಲೂ ಎಷ್ಟು ಕಿಲೋಮೀಟರ್ ಕೊಡ್ತು ಅಂತ ವಾಯ್ಸ್ ನೋಟ್ ಕಳಿಸಿ. ನನ್ನ ಲೆಕ್ಕ ತಾಳೆ ಆಗುತ್ತಾ ನೋಡೋಣ. ಮುಂದಿನ ವಾರ ಸಿಗ್ತೀನಿ. ನಮಸ್ಕಾರ.