ಚನ್ನಗಿರಿ: ಕೋಟೆಯ ಬೆಟ್ಟ ಮತ್ತು ಕೆರೆಯ ಹೆಸರು

(ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪರಸ್ಥಳಗಳಿಂದ ದಯಮಾಡಿಸಿರುವ ತಮಗೆ ಈ ಸೀಮೆಯ ಇತಿವೃತ್ತವನ್ನು ಸಂಕ್ಷೇಪವಾಗಿ ಪರಿಚಯಿಸಬೇಕೆಂದು ವ್ಯವಸ್ಥಾಪಕರ ಅಪ್ಪಣೆಯಾಗಿದೆ. ಸೂಳೆಕೆರೆಯ ಪ್ರಸ್ತಾಪ ಬಂದಾಗ ‘ಶಾಂತಿಸಾಗರ’ವೆಂದೇ ಹೇಳಬೇಕೆಂದು ಹಿರಿಯರೊಬ್ಬರು ಕಿವಿಮಾತನ್ನೂ ಹೇಳಿದರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೂ ಹಳೆಯ ಹೆಸರನ್ನೇ ಹೇಳುತ್ತೇನೆ. ಕಾರಣವನ್ನು ಮುಂದೆ ನಿವೇದಿಸುವೆನು.

ಚನ್ನಗಿರಿಗೆ ಆ ಹೆಸರು ಬಂದುದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ. ಊರ ನೆತ್ತಿಯ ಬೆಟ್ಟದ ಮೇಲೆ ಕೋಟೆಯಿದೆ, ಅದರೊಳಗೆ ರಂಗನಾಥಸ್ವಾಮಿಯ ಗುಡಿಯಿದೆ. ಔರಂಗಜೇಬನ ಸೈನ್ಯ ಶಿವಾಜಿಯ ಮಗ ರಾಜಾರಾಮನನ್ನು ಬೆನ್ನಟ್ಟಿದ್ದಾಗ, 1689ರಲ್ಲಿ ಅವನಿಗೆ ಆಶ್ರಯವಿತ್ತವಳು ಈ ರಾಣಿಯೇ. ಅದಕ್ಕೆ ಇಪ್ಪತ್ತೈದು ವರ್ಷಗಳ ಹಿಂದೆ, 1664ರಲ್ಲಿ, ಆ ರಾಜಾರಾಮನ ಅಜ್ಜ ಶಹಾಜಿ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದು ಮಡಿದದ್ದು ಇದೇ ತಾಲ್ಲೂಕಿನ ಹೊದಿಗೆರೆಯ ಬಳಿ. ಅವನ ಸಮಾಧಿಯನ್ನು ಇಂದಿಗೂ ಅಲ್ಲಿ ನೋಡಬಹುದು.

ಸಂತೇಬೆನ್ನೂರಿನ ಪುಷ್ಕರಣಿಯನ್ನು ಕಂಡಿಲ್ಲದವರು ಅವಶ್ಯ ಕಾಣಬೇಕು. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಕೊಳದ ನಡುವೆ ವಸಂತ ಮಂಟಪ; ಪಕ್ಕದಲ್ಲೇ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ ಮುಸಾಫಿರಖಾನೆ. ಒಂದರ ನೆರಳು ಇನ್ನೊಂದರ ಕಡೆಗೆ ಚಾಚುವ ಸಂಜೆಯ ಹೊತ್ತು ಬಹಳ ಸೊಗಸು.

ಇನ್ನು ಕೆರೆ. ಪಟ್ಟಣದ ಉತ್ತರಕ್ಕೆ, ಹರಿದ್ರಾ ಹೊಳೆ ಎರಡು ಗುಡ್ಡಗಳ ಸಂದಿನಲ್ಲಿ ನುಸುಳುವ ಎಡೆಯಲ್ಲಿ, ಹನ್ನೊಂದು-ಹನ್ನೆರಡನೆಯ ಶತಮಾನಗಳ ಸುಮಾರಿಗೆ ಏರಿ ಹಾಕಿದ್ದಾರೆ. ಏರಿಯ ಉದ್ದ ಸುಮಾರು 950 ಅಡಿ ಮಾತ್ರ. ಹಿಂದೆ ನಿಲ್ಲುವ ನೀರಿನ ಹರವು ಆರು ಸಾವಿರ ಎಕರೆಗೂ ಮಿಗಿಲು. ಅಷ್ಟು ನೀರಿನ ಒತ್ತಡವನ್ನು ಇಷ್ಟು ಇಕ್ಕಟ್ಟಾದ ಕಣಿವೆಯಲ್ಲಿ ತಡೆದ ಆ ಏರಿ ಶತಮಾನಗಳ ಪ್ರವಾಹಗಳನ್ನು ತಾಳಿಕೊಂಡಿದೆ. ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬುಗಳು. ಏಷ್ಯಾ ಖಂಡದಲ್ಲೇ ಎರಡನೆಯ ದೊಡ್ಡ ಕೆರೆ ಎಂದು ನಮ್ಮವರು ಹೆಮ್ಮೆಪಡುತ್ತಾರೆ. ಅಳೆದು ನೋಡಿದವರು ಯಾರೋ ನಾನರಿಯೆ. ಏರಿಯ ಮೇಲೆ ನಿಂತವನಿಗೆ ಆ ಲೆಕ್ಕ ಬೇಕಾಗುವುದಿಲ್ಲ.

ಐತಿಹ್ಯದ ಪ್ರಕಾರ ಕೆರೆ ಕಟ್ಟಿಸಿದವಳು ರಾಜಪುತ್ರಿ ಶಾಂತವ್ವೆ. ನೀರು ನಿಲ್ಲಬೇಕಾದ ನೆಲದಲ್ಲಿ ವೇಶ್ಯೆಯರ ಕೇರಿಯಿತ್ತು. ಅವರು ನೆಲ ಬಿಟ್ಟುಕೊಟ್ಟರು. ಕೆರೆಗೆ ತಮ್ಮ ಹೆಸರಿರಬೇಕೆಂಬುದೊಂದೇ ಅವರ ಕೇಳಿಕೆ. ಅವಳು ಒಪ್ಪಿದಳು. ರಾಜಪುತ್ರಿಗಿಲ್ಲದ ನಾಚಿಕೆ ನಮಗೇಕೆ ಬಂದಿತು? ದಾನ ಸ್ವೀಕರಿಸಿ ದಾನಿಯ ಹೆಸರನ್ನು ಅಳಿಸುವುದು ಯಾವ ಶಿಷ್ಟಾಚಾರ? ಬಾಲ್ಯದಲ್ಲಿ ನಾನೂ ಆ ಹೆಸರನ್ನು ಹೇಳಲು ನಾಚಿದವನೇ. ಶಾಂತವ್ವೆಯ ಸ್ಮರಣೆಗೆ ಶಾಂತಿಸಾಗರವೂ ಇರಲಿ, ಬೇಡವೆನ್ನುವುದಿಲ್ಲ. ಆದರೆ ಮೊದಲಿನದು ಹೋಗಬಾರದು.

ಆಡಳಿತದ ಗೆರೆಗಳು ಬದಲಾಗುತ್ತಲೇ ಇರುತ್ತವೆ. ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಲ್ಲಿದ್ದ ಜಗಳೂರೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ಆಗ ಮುಖ್ಯಮಂತ್ರಿಗಳಾಗಿದ್ದ ಜೆ. ಎಚ್. ಪಟೇಲರು ಇದೇ ತಾಲ್ಲೂಕಿನ ಕಾರಿಗನೂರಿನವರು. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿಯೂ ಈಗ ತಾಲ್ಲೂಕಾಗಿದೆ.

ಆದರೆ ಕೆರೆಗೆ ಹೂಳು ತುಂಬುತ್ತಿದೆ, ಅಂಚಿನ ನೆಲ ಒತ್ತುವರಿಯಾಗಿದೆ. ಚಿತ್ರದುರ್ಗದ ಕಡೆಯವರೂ ಈ ನೀರನ್ನು ಕುಡಿಯುತ್ತಾರೆ. ನಮ್ಮ ಭತ್ತ, ಅಡಿಕೆಗಳಿಗೂ ಇದೇ ಆಸರೆ. ಊರಿಗೆ ಹಿಂದಿರುಗುವಾಗ ತಾವು ಏರಿಯ ಮೇಲೆ ಒಂದು ಗಳಿಗೆ ವಾಹನ ನಿಲ್ಲಿಸಿ, ಸಿದ್ಧನ ತೂಬಿನ ಬಳಿಗೂ ಹೋಗಿ ಬನ್ನಿರಿ. ಕೆರೆ ಯಾವುದೆಂದು ಮಕ್ಕಳು ಕೇಳಿದರೆ ಪೂರ್ತಿ ಹೆಸರನ್ನು ಹೇಳಿರಿ.